ಅಡ್ರಿನಲ್ ಗ್ರಂಥಿ ಪಿಟ್ಯುಟರಿಯ ಮಾತನ್ನಷ್ಟೇ ಕೇಳುವುದಿಲ್ಲ

2024ರ ಡಿಸೆಂಬರ್ 13ರಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಕ್ರಿನೆಸರ್‌ಫಾಂಟ್ ಅನ್ನುವ ಹೊಸ ಔಷಧಿಗೆ ಒಪ್ಪಿಗೆ ಕೊಟ್ಟಿತು. ಹುಟ್ಟಿನಿಂದಲೇ ಅಡ್ರಿನಲ್ ಗ್ರಂಥಿಯಲ್ಲಿ ದೋಷ ಇರುವ, ನಾಲ್ಕು ವರ್ಷ ತುಂಬಿದ ಮಕ್ಕಳಿಗೆ ಮತ್ತು ದೊಡ್ಡವರಿಗೆ ಕೊಡುವ ಔಷಧಿ ಇದು. ಕಾಯಿಲೆಯ ಹೆಸರು ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ, ಅಂದರೆ ಹುಟ್ಟಿನಿಂದ ಬಂದ ಅಡ್ರಿನಲ್ ಊತ, ಚಿಕ್ಕದಾಗಿ ಸಿಎಎಚ್. 1950ರ ದಶಕದಿಂದ ಇದಕ್ಕೆ ಇದ್ದ ಮುಖ್ಯ ಮದ್ದು ಸ್ಟಿರಾಯ್ಡ್ ಮಾತ್ರೆ. ಹಾಗಾಗಿ ಸುದ್ದಿ ದೊಡ್ಡದೇ.

ಆದರೆ ಸುದ್ದಿ ಓದಿದವರಿಗೆ ತಲೆ ಕೆಡುವುದು ಸಹಜ. ಈ ಮಕ್ಕಳ ಅಡ್ರಿನಲ್ ಗ್ರಂಥಿ, ಒತ್ತಡ ತಾಳಲು ದೇಹಕ್ಕೆ ಬೇಕಾದ ಕಾರ್ಟಿಸಾಲ್ ಅನ್ನುವ ಹಾರ್ಮೋನನ್ನು ಸರಿಯಾಗಿ ತಯಾರಿಸುವುದಿಲ್ಲ. ಹೊಸ ಔಷಧಿ ಮಾಡುವುದೇನು ಅಂದರೆ, ಆ ಗ್ರಂಥಿಗೆ ಮೇಲಿನಿಂದ ಬರುವ ಸೂಚನೆಯನ್ನೇ ಕಡಿಮೆ ಮಾಡುತ್ತದೆ. ಮೊದಲೇ ಕೆಲಸ ಮಾಡದ ಗ್ರಂಥಿಗೆ ಸೂಚನೆಯನ್ನೂ ಕಡಿಮೆ ಮಾಡಿದರೆ ಇನ್ನಷ್ಟು ಕೆಡುವುದಿಲ್ಲವಾ? ಕೆಲಸ ಮಾಡದ ಗ್ರಂಥಿ ಸಣ್ಣಗಾಗಬೇಕಿತ್ತು, ಅದು ಊದಿಕೊಳ್ಳುವುದೇಕೆ? ಇದನ್ನು ತಗೊಂಡರೆ ಸ್ಟಿರಾಯ್ಡ್ ಬಿಟ್ಟುಬಿಡಬಹುದಾ?

ಕೊನೆಯ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುವುದು ಒಳ್ಳೆಯದು: ಬಿಡುವ ಹಾಗಿಲ್ಲ. ಉಳಿದ ಎರಡಕ್ಕೆ ಉತ್ತರ ಬೇಕಾದರೆ ಗ್ರಂಥಿಯ ಒಳಗೆ ಹೋಗಬೇಕು. ಅಲ್ಲಿ ಜೀವಕೋಶಗಳು ಒಂದಕ್ಕೊಂದು ಕಳಿಸಿಕೊಳ್ಳುವ ಸಂದೇಶಗಳಿವೆ. ಅವುಗಳ ಬಗ್ಗೆ ಪತ್ರಿಕೆಗಳು ಬರೆಯುವುದು ಕಡಿಮೆ. ಆದರೆ ಅವನ್ನು ಬಿಟ್ಟರೆ ಈ ಕಥೆ ಅರ್ಧವೇ.

ಎಲ್ಲರಿಗೂ ಗೊತ್ತಿರುವ ಚಿತ್ರ

ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು ಅಡ್ರಿನಲ್ ಗ್ರಂಥಿ ಕೂತಿದೆ. ದೊಡ್ಡವರಲ್ಲಿ ಒಂದೊಂದರ ತೂಕ ನಾಲ್ಕೈದು ಗ್ರಾಂ ಅಷ್ಟೇ. ಹೊರಭಾಗದಲ್ಲಿ ಮೂರು ಪದರ. ಮೇಲಿನ ಪದರ ಉಪ್ಪು ಮತ್ತು ಬಿಪಿ ನೋಡಿಕೊಳ್ಳುವ ಅಲ್ಡೋಸ್ಟೆರಾನ್ ಮಾಡುತ್ತದೆ, ನಡುವಿನದು ಕಾರ್ಟಿಸಾಲ್, ಒಳಗಿನದು ಗಂಡು ಲಕ್ಷಣ ತರುವ ಆಂಡ್ರೊಜನ್ ಜಾತಿಯ ಹಾರ್ಮೋನುಗಳನ್ನು. ಇವೆಲ್ಲದರ ತಿರುಳಿನಲ್ಲಿ ಅಡ್ರಿನಲಿನ್ ತಯಾರಿಸುವ ಬೇರೆಯೇ ಜಾತಿಯ ಜೀವಕೋಶಗಳಿವೆ.

ಈ ಗ್ರಂಥಿಯಿಲ್ಲದೆ ಬದುಕಿಲ್ಲ ಅನ್ನುವುದು ಹಳೆಯ ವಿಷಯ. ಇದು ಹಾಳಾದಾಗ ಬರುವ ಕಾಯಿಲೆಯನ್ನು ಲಂಡನ್ನಿನ ಥಾಮಸ್ ಅಡಿಸನ್ 1855ರಲ್ಲಿ ವಿವರಿಸಿದರು. 1930ರಲ್ಲಿ ಫಿಲಿಪ್ ಸ್ಮಿತ್ ಇಲಿಗಳ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ತೆಗೆದಾಗ ಅವುಗಳ ಅಡ್ರಿನಲ್ ಕುಗ್ಗಿಹೋಯಿತು. 1943ರಲ್ಲಿ ಪಿಟ್ಯುಟರಿಯಿಂದ ಎಸಿಟಿಎಚ್ ಹಾರ್ಮೋನನ್ನು ಶುದ್ಧವಾಗಿ ಬೇರ್ಪಡಿಸಿದರು. ಅಲ್ಲಿಗೆ ಸರಪಳಿ ಸಿದ್ಧವಾಯಿತು. ಮೆದುಳಿನ ಹೈಪೋಥಲಾಮಸ್ ಸಿಆರ್‌ಎಫ್ ಬಿಡುತ್ತದೆ, ಅದರಿಂದ ಪಿಟ್ಯುಟರಿ ಎಸಿಟಿಎಚ್ ಬಿಡುತ್ತದೆ, ಅದರಿಂದ ಅಡ್ರಿನಲ್ ಕಾರ್ಟಿಸಾಲ್ ಮಾಡುತ್ತದೆ. ಕಾರ್ಟಿಸಾಲ್ ಸಾಕಷ್ಟಾದರೆ ಮೇಲಿನವು ಸುಮ್ಮನಾಗುತ್ತವೆ. ಇವತ್ತಿಗೂ ಪಠ್ಯಪುಸ್ತಕದಲ್ಲಿ ಇರುವುದು ಇದೇ.

ಸಿಎಎಚ್ ಕಾಯಿಲೆಯಲ್ಲಿ ಹೆಚ್ಚಿನವರಿಗೆ 21-ಹೈಡ್ರಾಕ್ಸಿಲೇಸ್ ಅನ್ನುವ ಕಿಣ್ವ ಕೆಟ್ಟಿರುತ್ತದೆ. ಕಾರ್ಟಿಸಾಲ್ ಆಗುವುದಿಲ್ಲ. ಸಾಕು ಅಂತ ಮೇಲಕ್ಕೆ ಹೇಳುವವರೇ ಇಲ್ಲದ ಕಾರಣ ಎಸಿಟಿಎಚ್ ಏರುತ್ತಲೇ ಹೋಗುತ್ತದೆ. ಗ್ರಂಥಿ ಬೆಳೆಯುತ್ತದೆ. ಕಾರ್ಟಿಸಾಲ್ ಆಗಬೇಕಿದ್ದ ಕಚ್ಚಾ ವಸ್ತು ಆಂಡ್ರೊಜನ್ ಕಡೆಗೆ ತಿರುಗುತ್ತದೆ. ಹೆಣ್ಣು ಮಗು ಹುಟ್ಟುವಾಗಲೇ ಜನನಾಂಗದಲ್ಲಿ ವ್ಯತ್ಯಾಸ ಕಾಣಬಹುದು. ಗಂಡು ಮಗುವಿಗೆ ಬೇಗ ಪ್ರೌಢ ಲಕ್ಷಣ ಬಂದು, ಮುಂದೆ ಎತ್ತರ ಕಡಿಮೆಯಾಗಬಹುದು. ಉಪ್ಪು ಕಳೆದುಕೊಳ್ಳುವ ತೀವ್ರ ಬಗೆಯಲ್ಲಿ ಮೊದಲ ಕೆಲವು ವಾರಗಳಲ್ಲೇ ಮಗುವಿನ ಜೀವಕ್ಕೆ ಅಪಾಯ. ಐಸಿಎಂಆರ್ ಭಾರತದ ಐದು ನಗರಗಳಲ್ಲಿ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು 5,700 ಮಕ್ಕಳಲ್ಲಿ ಒಂದಕ್ಕೆ ಈ ತೊಂದರೆ ಕಂಡಿತ್ತು. ಅಪರೂಪದ ಕಾಯಿಲೆ ಅಂತ ಪಕ್ಕಕ್ಕಿಡುವಷ್ಟು ಸಣ್ಣ ಸಂಖ್ಯೆ ಅಲ್ಲ ಅದು.

ಸ್ಟಿರಾಯ್ಡ್ ಮಾತ್ರೆ ಇಲ್ಲಿ ಎರಡು ಕೆಲಸ ಮಾಡಬೇಕು. ಇಲ್ಲದ ಕಾರ್ಟಿಸಾಲನ್ನು ತುಂಬಬೇಕು, ಜೊತೆಗೆ ಏರಿದ ಎಸಿಟಿಎಚ್ ಅನ್ನು ತಗ್ಗಿಸಬೇಕು. ಮೊದಲನೆಯದಕ್ಕೆ ಸಣ್ಣ ಡೋಸ್ ಸಾಕು. ಎರಡನೆಯದಕ್ಕೆ ಜಾಸ್ತಿ ಬೇಕು, ಆ ಜಾಸ್ತಿ ಡೋಸಿನಿಂದಲೇ ತೂಕ ಏರುತ್ತದೆ, ಮೂಳೆ ಸವೆಯುತ್ತದೆ, ಮಕ್ಕಳ ಬೆಳವಣಿಗೆ ನಿಧಾನವಾಗುತ್ತದೆ. ಕ್ರಿನೆಸರ್‌ಫಾಂಟ್ ಪಿಟ್ಯುಟರಿಯಲ್ಲಿ ಸಿಆರ್‌ಎಫ್ ಕೂರುವ ಜಾಗವನ್ನು ಅಡ್ಡಗಟ್ಟಿ ಎಸಿಟಿಎಚ್ ತಗ್ಗಿಸುತ್ತದೆ. ಆಗ ಮಾತ್ರೆಗೆ ಮೊದಲ ಕೆಲಸವಷ್ಟೇ ಉಳಿಯುತ್ತದೆ. 182 ವಯಸ್ಕರ ಮೇಲೆ ನಡೆದ ಪರೀಕ್ಷೆಯಲ್ಲಿ 24 ವಾರಗಳ ನಂತರ ಔಷಧಿ ತಗೊಂಡವರ ಸ್ಟಿರಾಯ್ಡ್ ಡೋಸ್ ಶೇ 27ರಷ್ಟು ಇಳಿದಿತ್ತು. ಬರೀ ಸಕ್ಕರೆ ಗುಳಿಗೆಯಂಥದ್ದು ತಗೊಂಡವರಲ್ಲಿ ಶೇ 10.

ಇಲ್ಲಿಯವರೆಗೆ ಎಲ್ಲ ಸರಿ. ಎಸಿಟಿಎಚ್ ಏರಿದರೆ ಗ್ರಂಥಿ ಬೆಳೆಯುತ್ತದೆ, ಇಳಿದರೆ ಕುಗ್ಗುತ್ತದೆ. ಹಾಗಂತ ಎಸಿಟಿಎಚ್ ನೇರವಾಗಿ ಜೀವಕೋಶಗಳನ್ನು ಬೆಳೆಸುತ್ತದಾ?

ಗಾಜಿನ ತಟ್ಟೆಯಲ್ಲಿ ಉಲ್ಟಾ ಫಲಿತಾಂಶ

1971ರಲ್ಲಿ ಮಸೂಯಿ ಮತ್ತು ಗ್ಯಾರನ್ ಮೌಸ್ ಅನ್ನುವ ಸಣ್ಣ ಇಲಿಯ ಅಡ್ರಿನಲ್ ಗೆಡ್ಡೆಯ ಜೀವಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿ, ಅವಕ್ಕೆ ಎಸಿಟಿಎಚ್ ಹಾಕಿದರು. ಜೀವಕೋಶಗಳು ಹಾರ್ಮೋನು ತಯಾರಿಸಿದವು. ಆದರೆ ವಿಭಜನೆ ನಿಂತುಹೋಯಿತು. ಗೆಡ್ಡೆಯ ಜೀವಕೋಶ ಅಲ್ವಾ, ಅದರ ಸ್ವಭಾವ ಬೇರೆ ಇರಬಹುದು ಅಂತ ಹೇಳಬಹುದಿತ್ತು. ಆದರೆ 1975ರಲ್ಲಿ ಕ್ಯಾಲಿಫೋರ್ನಿಯಾದ ಜೆ. ರಾಮಚಂದ್ರನ್ ಮತ್ತು ಸುಯಾಮ, ಇಲಿಯ ಸಾಮಾನ್ಯ ಅಡ್ರಿನಲ್ ಜೀವಕೋಶಗಳಲ್ಲೂ ಇದೇ ಆಗುತ್ತದೆ ಅಂತ ತೋರಿಸಿದರು. ಈ ರಾಮಚಂದ್ರನ್ ಮುಂದೆ ಬೆಂಗಳೂರಿಗೆ ಬಂದು ಅಸ್ತ್ರಾ ಸಂಶೋಧನಾ ಕೇಂದ್ರವನ್ನು ಮುನ್ನಡೆಸಿದವರು.

ದೇಹದ ಒಳಗೆ ಎಸಿಟಿಎಚ್ ಗ್ರಂಥಿಯನ್ನು ಬೆಳೆಸುತ್ತದೆ, ತಟ್ಟೆಯಲ್ಲಿ ಅದೇ ಎಸಿಟಿಎಚ್ ಜೀವಕೋಶದ ವಿಭಜನೆಯನ್ನು ತಡೆಯುತ್ತದೆ. ಎರಡೂ ನಿಜವಾಗಬೇಕಾದರೆ ನಡುವೆ ಇನ್ನೇನೋ ಇರಲೇಬೇಕು. ದೇಹದಲ್ಲಿ ಇದ್ದು ತಟ್ಟೆಯಲ್ಲಿ ಇಲ್ಲದ ಏನೋ. ತಟ್ಟೆಯಲ್ಲಿ ರಕ್ತನಾಳ ಇಲ್ಲ, ಗ್ರಂಥಿಯ ಹೊರಕವಚ ಇಲ್ಲ, ನರ ಇಲ್ಲ, ಅಕ್ಕಪಕ್ಕದ ಬೇರೆ ಜಾತಿಯ ಜೀವಕೋಶಗಳಿಲ್ಲ. ಹುಡುಕಾಟ ಆ ಕಡೆ ತಿರುಗಿತು. ಗ್ರಂಥಿಯೇ ತನಗಾಗಿ ತಯಾರಿಸಿಕೊಳ್ಳುವ ಪ್ರೋಟೀನುಗಳು, ಅಂದರೆ ಗ್ರೋತ್ ಫ್ಯಾಕ್ಟರ್‌ಗಳು, ಒಂದೊಂದಾಗಿ ಸಿಗತೊಡಗಿದವು.

ಒಳಗೇ ತಯಾರಾಗುವ ಸಂದೇಶಗಳು

ಹಾರ್ಮೋನು ಅಂದರೆ ರಕ್ತದಲ್ಲಿ ದೂರ ಸಾಗುವ ಸಂದೇಶ. ಗ್ರೋತ್ ಫ್ಯಾಕ್ಟರ್ ಬಹುತೇಕ ದೂರ ಹೋಗುವುದಿಲ್ಲ. ಒಂದು ಜೀವಕೋಶ ಬಿಡುತ್ತದೆ, ಪಕ್ಕದ್ದು ಹಿಡಿದುಕೊಳ್ಳುತ್ತದೆ. ಕೆಲವೊಮ್ಮೆ ಬಿಟ್ಟ ಜೀವಕೋಶವೇ ಹಿಡಿದುಕೊಳ್ಳುವುದೂ ಉಂಟು. ಇದೇ ಕಾರಣಕ್ಕೆ ರಕ್ತಪರೀಕ್ಷೆಯಲ್ಲಿ ಇವುಗಳ ಪೂರ್ತಿ ಲೆಕ್ಕ ಸಿಗುವುದಿಲ್ಲ. ಗ್ರಂಥಿಯ ಒಳಗೆ ಏನು ನಡೆದಿದೆ ಅಂತ ರಕ್ತದ ಮಟ್ಟ ನೋಡಿ ಹೇಳಲು ಆಗುವುದಿಲ್ಲ.

ಮೊದಲು ಗಮನ ಸೆಳೆದದ್ದು ಎಫ್‌ಜಿಎಫ್-2. ಡೆನಿಸ್ ಗೊಸ್ಪೊಡರೋವಿಚ್ ಮತ್ತು ಜೊತೆಗಾರರು 1970ರ ದಶಕದಲ್ಲಿ, ಈ ಪ್ರೋಟೀನು ಹಾಕಿದರೆ ದನದ ಅಡ್ರಿನಲ್ ಜೀವಕೋಶಗಳು ತಟ್ಟೆಯಲ್ಲಿ ಚೆನ್ನಾಗಿ ವಿಭಜನೆಯಾಗುತ್ತವೆ ಅಂತ ಕಂಡುಕೊಂಡರು. ಮುಂದೆ ಅದೇ ಪ್ರೋಟೀನನ್ನು ಅಡ್ರಿನಲ್ ಗ್ರಂಥಿಯಿಂದಲೇ ಬೇರ್ಪಡಿಸಿದರು. ಬೆಳೆಸುವ ವಸ್ತು ಬೆಳೆಯುವ ಜಾಗದಲ್ಲೇ ಇತ್ತು.

ಎರಡನೆಯದು ಐಜಿಎಫ್ ಕುಟುಂಬ. ಐಜಿಎಫ್-2 ವಿಶೇಷವಾಗಿ ಭ್ರೂಣದಲ್ಲಿ ಮುಖ್ಯ. ಹೊಟ್ಟೆಯಲ್ಲಿರುವ ಮಗುವಿನ ಅಡ್ರಿನಲ್ ತನ್ನ ದೇಹದ ಗಾತ್ರಕ್ಕೆ ಹೋಲಿಸಿದರೆ ತುಂಬಾ ದೊಡ್ಡದು. ಅದರ ಹೆಚ್ಚಿನ ಭಾಗ ಭ್ರೂಣಪದರ ಅನ್ನುವ, ಹುಟ್ಟಿದ ಮೇಲೆ ಕರಗಿಹೋಗುವ ಭಾಗ. ಮನುಷ್ಯ ಭ್ರೂಣದ ಅಡ್ರಿನಲ್ ಜೀವಕೋಶಗಳಿಗೆ ಎಸಿಟಿಎಚ್ ಕೊಟ್ಟಾಗ ಅವು ತಾವೇ ಜಾಸ್ತಿ ಐಜಿಎಫ್-2 ತಯಾರಿಸುತ್ತವೆ ಅಂತ 1980ರ ದಶಕದ ಕೊನೆಯಲ್ಲಿ ಗೊತ್ತಾಯಿತು. ಒಗಟು ಇಲ್ಲಿ ಅರ್ಧ ಬಿಡಿಸಿಕೊಳ್ಳುತ್ತದೆ. ಎಸಿಟಿಎಚ್ ತಾನೇ ಬೆಳೆಸುವುದಿಲ್ಲ, ಬೆಳೆಸುವ ವಸ್ತುವನ್ನು ಅಲ್ಲೇ ತಯಾರು ಮಾಡಿಸುತ್ತದೆ. ಐಜಿಎಫ್-1ಗೆ ಇನ್ನೊಂದು ಗುಣ ಇದೆ. ದನದ ಅಡ್ರಿನಲ್ ಜೀವಕೋಶಗಳ ಮೇಲೆ ಎಸಿಟಿಎಚ್ ಕೂರುವ ಜಾಗಗಳನ್ನು ಅದು ಹೆಚ್ಚಿಸುತ್ತದೆ. ಅಂದರೆ ಮೇಲಿನಿಂದ ಅಷ್ಟೇ ಸೂಚನೆ ಬಂದರೂ ಜೀವಕೋಶ ಈಗ ಜಾಸ್ತಿ ಕೆಲಸ ಮಾಡುತ್ತದೆ.

ಟಿಜಿಎಫ್-ಬೀಟಾ ಇದಕ್ಕೆ ಎದುರು. 1986ರ ಹೊತ್ತಿಗೆ ಫ್ರಾನ್ಸಿನ ಗ್ರೆನೋಬಲ್ ತಂಡ, ಇದು ದನದ ಅಡ್ರಿನಲ್ ಜೀವಕೋಶಗಳಲ್ಲಿ ಸ್ಟಿರಾಯ್ಡ್ ತಯಾರಿಕೆಯನ್ನು ಜೋರಾಗಿ ತಗ್ಗಿಸುತ್ತದೆ ಅಂತ ತೋರಿಸಿತು. ಈ ಪ್ರೋಟೀನು ಜೀವಕೋಶದಿಂದ ಹೊರಬರುವಾಗ ನಿಷ್ಕ್ರಿಯವಾಗಿರುತ್ತದೆ. ಬೇರೆ ಪ್ರೋಟೀನುಗಳು ಅದನ್ನು ಬಿಡಿಸಿದ ಮೇಲಷ್ಟೇ ಕೆಲಸ ಶುರು. ಎಷ್ಟು ತಯಾರಾಗಿದೆ ಅನ್ನುವುದಕ್ಕಿಂತ ಎಲ್ಲಿ ಮತ್ತು ಯಾವಾಗ ಬಿಡಿಸಿಕೊಂಡಿತು ಅನ್ನುವುದು ಮುಖ್ಯ. ಇದೇ ಕುಟುಂಬದ ಆಕ್ಟಿವಿನ್ ಭ್ರೂಣಪದರದ ಬೆಳವಣಿಗೆಯನ್ನು ತಡೆಯುತ್ತದೆ.

ನನ್ನ ಮಟ್ಟಿಗೆ ಇವುಗಳಲ್ಲಿ ಹೆಚ್ಚು ಗಮನ ಕೊಡಬೇಕಾದದ್ದು ವಿಇಜಿಎಫ್, ರಕ್ತನಾಳ ಬೆಳೆಸುವ ಫ್ಯಾಕ್ಟರ್. ಅಡ್ರಿನಲ್ ಹೊರಭಾಗದಲ್ಲಿ ಬಹುಪಾಲು ಪ್ರತಿ ಜೀವಕೋಶದ ಪಕ್ಕದಲ್ಲೂ ಒಂದು ಸಣ್ಣ ರಕ್ತನಾಳ ಹಾದುಹೋಗುತ್ತದೆ. ಎಸಿಟಿಎಚ್ ಬಂದಾಗ ಅಡ್ರಿನಲ್ ಜೀವಕೋಶ ವಿಇಜಿಎಫ್ ಬಿಡುತ್ತದೆ, ನಾಳಗಳು ಉಳಿಯುತ್ತವೆ, ಬೆಳೆಯುತ್ತವೆ. ಪ್ರಾಣಿಗಳಿಗೆ ಡೆಕ್ಸಾಮೆಥಸೋನ್ ಅನ್ನುವ ಸ್ಟಿರಾಯ್ಡ್ ಕೊಟ್ಟು ಎಸಿಟಿಎಚ್ ಇಳಿಸಿದರೆ ವಿಇಜಿಎಫ್ ಇಳಿದು, ನಾಳಗಳೂ ಸಣಕಲಾಗುತ್ತವೆ. ಸ್ಟಿರಾಯ್ಡ್ ತಗೊಂಡವರ ಗ್ರಂಥಿ ಕುಗ್ಗಿದಾಗ ಕುಗ್ಗುವುದು ಜೀವಕೋಶ ಮಾತ್ರವಲ್ಲ, ಅದರ ನೀರು ಗೊಬ್ಬರದ ದಾರಿಯೂ ಹೌದು. ಇದರ ಪರಿಣಾಮಕ್ಕೆ ಮುಂದೆ ಬರುತ್ತೇನೆ.

ತಿರುಳಿನ ಬಗ್ಗೆ ಒಂದೇ ಮಾತು. ಅಡ್ರಿನಲಿನ್ ತಯಾರಿಸುವ ಜೀವಕೋಶಗಳು ನರಕೋಶಗಳ ದಾಯಾದಿಗಳು. ಎನ್‌ಜಿಎಫ್ ಅನ್ನುವ ಫ್ಯಾಕ್ಟರ್ ಕೊಟ್ಟರೆ ಅವು ತಟ್ಟೆಯಲ್ಲಿ ನರಕೋಶದ ಹಾಗೆ ಎಳೆ ಚಾಚುತ್ತವೆ. ಪಕ್ಕದ ಹೊರಪದರದಿಂದ ಹರಿದುಬರುವ ಕಾರ್ಟಿಸಾಲ್ ಅವನ್ನು ಅಡ್ರಿನಲಿನ್ ಕೆಲಸದಲ್ಲೇ ಹಿಡಿದಿಡುತ್ತದೆ.

ಕವಚದ ಕೆಳಗೆ ಹುಟ್ಟುವ ಜೀವಕೋಶಗಳು

ಕಳೆದ ಹದಿನೈದು ವರ್ಷಗಳಲ್ಲಿ ಚಿತ್ರ ಇನ್ನೊಂದು ಸುತ್ತು ಬದಲಾಗಿದೆ. ಅಡ್ರಿನಲ್ ಹೊರಪದರದ ಜೀವಕೋಶಗಳು ಇದ್ದಲ್ಲೇ ಇರುವುದಿಲ್ಲ. ಹೊರಕವಚದ ಹತ್ತಿರ ಹುಟ್ಟಿ, ನಿಧಾನವಾಗಿ ಒಳಕ್ಕೆ ಸರಿಯುತ್ತವೆ. ಸರಿಯುತ್ತಾ ಕೆಲಸ ಬದಲಿಸುತ್ತವೆ, ಮೊದಲು ಅಲ್ಡೋಸ್ಟೆರಾನ್, ಆಮೇಲೆ ಕಾರ್ಟಿಸಾಲ್ ಜಾತಿಯ ಹಾರ್ಮೋನು, ಕೊನೆಗೆ ಒಳ ಅಂಚಿನಲ್ಲಿ ಸಾಯುತ್ತವೆ. ಮೌಸ್‌ಗಳಲ್ಲಿ ಈ ಪೂರ್ತಿ ಸುತ್ತು ಹೆಣ್ಣಿನಲ್ಲಿ ಸುಮಾರು 3 ತಿಂಗಳು, ಗಂಡಿನಲ್ಲಿ ಸುಮಾರು 9 ತಿಂಗಳು ಅಂತ 2019ರಲ್ಲಿ ಫ್ರಾನ್ಸಿನ ನೀಸ್ ನಗರದ ತಂಡ ವರದಿ ಮಾಡಿತು. ಗಂಡು ಹೆಣ್ಣಿನ ನಡುವೆ ಇಷ್ಟು ವ್ಯತ್ಯಾಸ ಇರುವಾಗ ಒಂದೇ ಲಿಂಗದ ಪ್ರಾಣಿಗಳಲ್ಲಿ ಮಾಡಿದ ಹಳೆಯ ಪ್ರಯೋಗಗಳನ್ನು ಎಲ್ಲರಿಗೂ ಅನ್ವಯಿಸುವುದು ಸರಿಯಲ್ಲ.

ಈ ಹುಟ್ಟು ಮತ್ತು ಸರಿದಾಟವನ್ನು ನಡೆಸುವುದೂ ಸ್ಥಳೀಯ ಸಂದೇಶಗಳೇ. ಕವಚದ ಜೀವಕೋಶಗಳು ಆರ್-ಸ್ಪಾಂಡಿನ್-3 ಅನ್ನುವ ಪ್ರೋಟೀನು ಬಿಡುತ್ತವೆ. ಅದು ಕೆಳಗಿನ ಜೀವಕೋಶಗಳಲ್ಲಿ ವಿಂಟ್ ಅನ್ನುವ ಬೆಳವಣಿಗೆಯ ಸಂಕೇತವನ್ನು ಜೋರು ಮಾಡುತ್ತದೆ. 2016ರಲ್ಲಿ ಮೌಸ್‌ಗಳಲ್ಲಿ ಈ ಪ್ರೋಟೀನನ್ನು ತೆಗೆದಾಗ ಮೇಲಿನ ಪದರ ಉಳಿಯಲಿಲ್ಲ, ಗ್ರಂಥಿಯೂ ಕುಗ್ಗಿತು. ಈ ಸಂಕೇತಕ್ಕೆ ಕಡಿವಾಣ ಹಾಕುವ ಝಡ್‌ಎನ್‌ಆರ್‌ಎಫ್3 ಅನ್ನುವ ಜೀನ್ ಕೆಟ್ಟರೆ ಗ್ರಂಥಿ ಮಿತಿಮೀರಿ ಬೆಳೆಯುತ್ತದೆ. ಅಡ್ರಿನಲ್ ಹೊರಪದರದ ಕ್ಯಾನ್ಸರ್‌ಗಳಲ್ಲಿ ಐದರಲ್ಲಿ ಸುಮಾರು ಒಂದರಲ್ಲಿ ಈ ಜೀನ್ ಕೆಟ್ಟಿರುತ್ತದೆ ಅಂತ 2014ರಲ್ಲೇ ಕಂಡಿತ್ತು.

ಹಾಗಾದರೆ ಯಜಮಾನ ಯಾರು?

ಇಲ್ಲಿ ಸಂಶೋಧಕರಲ್ಲಿ ಒಮ್ಮತ ಇಲ್ಲ.

ಒಂದು ಕಡೆಯವರ ವಾದ: ಎಲ್ಲದರ ಮೂಲ ಎಸಿಟಿಎಚ್. ಗ್ರೋತ್ ಫ್ಯಾಕ್ಟರ್‌ಗಳು ಅದರ ಕೈಕೆಳಗಿನವು. ಪಿಟ್ಯುಟರಿ ತೆಗೆದರೆ ಗ್ರಂಥಿ ಕುಗ್ಗುತ್ತದೆ. ಮೆದುಳು ಬೆಳೆಯದೆ ಹುಟ್ಟುವ ಶಿಶುಗಳಲ್ಲಿ ಅಡ್ರಿನಲ್ ತೀರಾ ಸಣ್ಣದಿರುತ್ತದೆ. ಇದಕ್ಕಿಂತ ಪುರಾವೆ ಬೇಕಾ ಅಂತ ಇವರು ಕೇಳುತ್ತಾರೆ. ಸ್ಥಳೀಯ ಫ್ಯಾಕ್ಟರ್‌ಗಳ ಬಗ್ಗೆ ಇರುವ ಹೆಚ್ಚಿನ ಮಾಹಿತಿ ದನದ, ಇಲಿಯ ಜೀವಕೋಶಗಳಿಂದ, ಅದೂ ತಟ್ಟೆಯಲ್ಲಿ ಸಿಕ್ಕಿದ್ದು ಅನ್ನುವ ಆಕ್ಷೇಪವೂ ಇವರದೇ. ಅದು ನ್ಯಾಯವಾದ ಆಕ್ಷೇಪ.

ಇನ್ನೊಂದು ಕಡೆಯವರ ಹತ್ತಿರವೂ ಗಟ್ಟಿ ಉದಾಹರಣೆಗಳಿವೆ. ಒಂದು ಅಡ್ರಿನಲ್ ತೆಗೆದರೆ ಇನ್ನೊಂದು ಬೆಳೆಯುತ್ತದೆ. ಇಲಿಗಳಲ್ಲಿ ಈ ಬೆಳವಣಿಗೆ ನರಗಳ ಮೂಲಕ ನಡೆಯುತ್ತದೆ ಅಂತ 1970ರ ದಶಕದಲ್ಲೇ ತೋರಿಸಲಾಗಿತ್ತು. ಇದಕ್ಕಿಂತ ಬಲವಾದ ಉದಾಹರಣೆ ಮನುಷ್ಯರದ್ದೇ. ಎರಡೂ ಅಡ್ರಿನಲ್‌ಗಳು ಗಂಟುಗಂಟಾಗಿ ಊದಿಕೊಂಡು ಕಾರ್ಟಿಸಾಲ್ ಜಾಸ್ತಿಯಾಗುವ ಒಂದು ಕಾಯಿಲೆ ಇದೆ. ಇವರ ರಕ್ತದಲ್ಲಿ ಎಸಿಟಿಎಚ್ ತೀರಾ ಕಡಿಮೆ. ಆದರೂ ಗ್ರಂಥಿ ಬೆಳೆಯುತ್ತಲೇ ಇರುತ್ತದೆ. ಕೆಲವರಲ್ಲಿ ಊಟ ಮಾಡಿದಾಗ ಕರುಳಿನಿಂದ ಬರುವ ಜಿಐಪಿ ಹಾರ್ಮೋನಿಗೆ ಗ್ರಂಥಿ ಸ್ಪಂದಿಸುತ್ತದೆ ಅಂತ 1992ರಲ್ಲಿ ಗೊತ್ತಾಗಿತ್ತು. 2013ರಲ್ಲಿ ಫ್ರಾನ್ಸಿನ ರೂಆನ್ ತಂಡ ಇನ್ನೂ ಅಚ್ಚರಿಯ ವಿಷಯ ಹೇಳಿತು. ಇಂಥ ಗ್ರಂಥಿಗಳ ಒಳಗೇ ಕೆಲವು ಜೀವಕೋಶಗಳು ಎಸಿಟಿಎಚ್ ತಯಾರಿಸುತ್ತಿದ್ದವು, ಅದು ಪಕ್ಕದ ಜೀವಕೋಶಗಳ ಮೇಲೆ ಕೆಲಸ ಮಾಡುತ್ತಿತ್ತು. ಪಿಟ್ಯುಟರಿಯ ಹಾರ್ಮೋನೇ ಇಲ್ಲಿ ಸ್ಥಳೀಯ ಸಂದೇಶವಾಗಿ ಬದಲಾಗಿದೆ.

ಮೂರನೆಯ ವಾದವೊಂದಿದೆ. ಎಸಿಟಿಎಚ್ ಒಂದು ದೊಡ್ಡ ಪ್ರೋಟೀನಿನ ತುಂಡು. ಅದೇ ಪ್ರೋಟೀನಿನ ಬೇರೊಂದು ತುಂಡು ಅಡ್ರಿನಲ್ ಜೀವಕೋಶಗಳನ್ನು ಬೆಳೆಸುತ್ತದೆ ಅಂತ 1980ರ ದಶಕದಲ್ಲಿ ಪ್ರಯೋಗಗಳು ಸೂಚಿಸಿದ್ದವು. ಆ ತುಂಡನ್ನು ಅಡ್ರಿನಲ್‌ನಲ್ಲೇ ಕತ್ತರಿಸುವ ಕಿಣ್ವವನ್ನು ಬ್ರಿಟನ್ನಿನ ತಂಡವೊಂದು 2001ರಲ್ಲಿ ವಿವರಿಸಿತು. ಸರಕು ಪಿಟ್ಯುಟರಿಯದು, ಕತ್ತರಿಸುವ ಕೆಲಸ ಸ್ಥಳೀಯ. ಈ ವಾದಕ್ಕೆ ಎಲ್ಲರ ಒಪ್ಪಿಗೆ ಇಲ್ಲ.

ನನಗೆ ಕಾಣುವ ಹಾಗೆ ಜಗಳದ ಪ್ರಶ್ನೆಯೇ ಸ್ವಲ್ಪ ತಪ್ಪು. ಅಣೆಕಟ್ಟೆಯಿಂದ ನಾಲೆಗೆ ನೀರು ಬಿಡದಿದ್ದರೆ ಯಾವ ಗದ್ದೆಯೂ ಇಲ್ಲ, ಆದರೆ ಯಾವ ಗದ್ದೆಗೆ ಎಷ್ಟು, ಯಾವಾಗ ಅನ್ನುವುದು ಊರಿನ ತೂಬಿನ ಕೈಯಲ್ಲಿದೆ. ಎಸಿಟಿಎಚ್ ಮತ್ತು ಗ್ರೋತ್ ಫ್ಯಾಕ್ಟರ್‌ಗಳ ನಡುವೆ ಇರುವುದು ಅಂಥದ್ದೇ ಸಂಬಂಧ. ಇವತ್ತು ಎಷ್ಟು ಕಾರ್ಟಿಸಾಲ್ ಬೇಕು ಅನ್ನುವುದನ್ನು ಎಸಿಟಿಎಚ್ ನಿಮಿಷಗಳಲ್ಲಿ ತೀರ್ಮಾನಿಸುತ್ತದೆ. ಕೆಲಸಕ್ಕೆ ಎಷ್ಟು ಜೀವಕೋಶ ಇರಬೇಕು, ಅವು ಯಾವ ಪದರದಲ್ಲಿರಬೇಕು, ಸೂಚನೆಗೆ ಎಷ್ಟು ಸ್ಪಂದಿಸಬೇಕು ಅನ್ನುವುದು ವಾರ, ತಿಂಗಳುಗಳ ಲೆಕ್ಕ. ಅದರಲ್ಲಿ ಸ್ಥಳೀಯ ಸಂದೇಶಗಳ ಪಾಲು ದೊಡ್ಡದು. ಈ ಎರಡು ವೇಗಗಳನ್ನು ಬೇರೆಬೇರೆ ಇಟ್ಟು ನೋಡಿದರೆ ಮುಂದಿನ ವಿಷಯಗಳು ಸುಲಭವಾಗಿ ಅರ್ಥವಾಗುತ್ತವೆ.

ಒಂದು ಕ್ಯಾನ್ಸರ್ ಔಷಧಿ ಸೋತದ್ದು

ಸ್ಥಳೀಯ ಫ್ಯಾಕ್ಟರ್‌ಗಳು ಇಷ್ಟು ಮುಖ್ಯವಾದರೆ ಅವನ್ನು ತಡೆದು ರೋಗ ವಾಸಿ ಮಾಡಬಹುದಲ್ಲ? ಈ ಪ್ರಯತ್ನ ಆಗಿದೆ. ಅಡ್ರಿನಲ್ ಹೊರಪದರದ ಕ್ಯಾನ್ಸರ್ ತುಂಬಾ ಅಪರೂಪ, ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ. ಇಂಥ ಗೆಡ್ಡೆಗಳಲ್ಲಿ ಸುಮಾರು ಶೇ 90ರಲ್ಲಿ ಐಜಿಎಫ್-2 ವಿಪರೀತ ಜಾಸ್ತಿ ಇರುತ್ತದೆ. ಹುಟ್ಟಿನಿಂದಲೇ ದೇಹ ಅತಿಯಾಗಿ ಬೆಳೆಯುವ ಬೆಕ್‌ವಿತ್-ವೀಡೆಮನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಐಜಿಎಫ್-2 ಜಾಸ್ತಿ, ಅವರಿಗೆ ಈ ಕ್ಯಾನ್ಸರ್ ಬರುವ ಸಾಧ್ಯತೆಯೂ ಜಾಸ್ತಿ. ಎಲ್ಲ ಬೆರಳುಗಳೂ ಒಂದೇ ಕಡೆ ತೋರಿಸುತ್ತಿದ್ದವು.

ಐಜಿಎಫ್ ಬಂದು ಕೂರುವ ಜಾಗವನ್ನು, ಅಂದರೆ ಗ್ರಾಹಕವನ್ನು, ಅಡ್ಡಗಟ್ಟುವ ಲಿನ್ಸಿಟಿನಿಬ್ ಔಷಧಿಯನ್ನು 139 ರೋಗಿಗಳ ಮೇಲೆ ಪರೀಕ್ಷಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಔಷಧಿ ಪಡೆದವರಲ್ಲಿ ಅರ್ಧದಷ್ಟು ಜನ 323 ದಿನ ದಾಟಿ ಬದುಕಿದ್ದರು, ಪಡೆಯದವರಲ್ಲಿ ಅರ್ಧದಷ್ಟು ಜನ 356 ದಿನ ದಾಟಿ. ಲಾಭವೇ ಇಲ್ಲ. ಕೆಲವೇ ರೋಗಿಗಳಲ್ಲಿ ಮಾತ್ರ ಗೆಡ್ಡೆ ಕುಗ್ಗಿತು.

ಯಾಕೆ ಹೀಗಾಯಿತು? ಮೌಸ್‌ಗಳಲ್ಲಿ ಐಜಿಎಫ್-2 ಒಂದನ್ನೇ ಹೆಚ್ಚಿಸಿದರೆ ಕ್ಯಾನ್ಸರ್ ಬರುವುದಿಲ್ಲ ಅನ್ನುವುದು ಒಂದು ಸುಳಿವು. ಜಾಸ್ತಿ ಇರುವುದೆಲ್ಲ ಕಾರಣ ಆಗಿರಬೇಕಿಲ್ಲ. ಇನ್ನೊಂದು, ಈ ಸಂದೇಶಗಳು ಜಾಲದ ಹಾಗೆ ಹೆಣೆದುಕೊಂಡಿವೆ. ಒಂದು ದಾರಿ ಮುಚ್ಚಿದರೆ ವಿಂಟ್‌ನಂಥ ಇನ್ನೊಂದು ದಾರಿಯಿಂದ ಜೀವಕೋಶ ಬೆಳೆಯಬಲ್ಲದು. ರೋಗಿಗಳ ಮತ್ತು ಅವರ ಮನೆಯವರ ಪಾಲಿಗೆ ಇದು ದೊಡ್ಡ ನಿರಾಸೆ. ಗ್ರೋತ್ ಫ್ಯಾಕ್ಟರ್ ತಡೆಯುವ ಔಷಧಿ ಬಂತು, ಇನ್ನೇನು ಕ್ಯಾನ್ಸರ್ ಗೆದ್ದ ಹಾಗೆ ಅನ್ನುವ ತಲೆಬರಹ ಮುಂದೆ ಕಂಡಾಗ ಈ ಪರೀಕ್ಷೆ ನೆನಪಿರಲಿ.

ಸ್ಟಿರಾಯ್ಡ್ ಮಾತ್ರೆ ಹಠಾತ್ತನೆ ಬಿಡಬಾರದು ಯಾಕೆ

ಅಪರೂಪದ ಕಾಯಿಲೆಗಳಿಂದ ಈಗ ಸಾವಿರಾರು ಮನೆಗಳಿಗೆ ತಟ್ಟುವ ವಿಷಯಕ್ಕೆ ಬರೋಣ. ಉಬ್ಬಸ, ಸಂಧಿವಾತ, ಚರ್ಮರೋಗ ಇಂಥವಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಸ್ಟಿರಾಯ್ಡ್ ತಗೊಳ್ಳುವವರು ಬಹಳ ಜನ. ಹೊರಗಿನಿಂದ ಸ್ಟಿರಾಯ್ಡ್ ಬಂದಾಗ ಎಸಿಟಿಎಚ್ ಇಳಿಯುತ್ತದೆ. ಅದರ ಹಿಂದೆಯೇ ಸ್ಥಳೀಯ ಸಂದೇಶಗಳು, ರಕ್ತನಾಳಗಳು, ಕೊನೆಗೆ ಜೀವಕೋಶಗಳೂ ಕುಗ್ಗುತ್ತವೆ. ಕಾರ್ಟಿಸಾಲ್ ಮಾಡುವ ನಡುವಿನ ಪದರಕ್ಕೆ ಪೆಟ್ಟು ಜಾಸ್ತಿ. ಮೇಲಿನ ಪದರ ಮಾತ್ರ ಬಹುಮಟ್ಟಿಗೆ ಉಳಿಯುತ್ತದೆ, ಯಾಕೆಂದರೆ ಅದನ್ನು ಮುಖ್ಯವಾಗಿ ನಡೆಸುವುದು ಮೂತ್ರಪಿಂಡದಿಂದ ಶುರುವಾಗುವ ರೆನಿನ್ ಸರಪಳಿ ಮತ್ತು ರಕ್ತದ ಪೊಟ್ಯಾಸಿಯಂ.

ಮಾತ್ರೆ ನಿಲ್ಲಿಸಿದ ಮೇಲೆ ಏನಾಗುತ್ತದೆ ಅಂತ 1965ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಸ್ಪಷ್ಟವಾಗಿ ತೋರಿಸಿತ್ತು. ಮೊದಲು ಚೇತರಿಸಿಕೊಳ್ಳುವುದು ಪಿಟ್ಯುಟರಿ. ಎಸಿಟಿಎಚ್ ಮಾಮೂಲಿಗಿಂತಲೂ ಮೇಲೆ ಹೋಗುತ್ತದೆ. ಆದರೂ ತಿಂಗಳುಗಟ್ಟಲೆ ಕಾರ್ಟಿಸಾಲ್ ಸಾಕಷ್ಟು ಏರುವುದಿಲ್ಲ. ಸೂಚನೆ ಮರಳಿದೆ, ಕೆಲಸ ಮಾಡುವ ಜೀವಕೋಶಗಳು ಇನ್ನೂ ಮರಳಿಲ್ಲ. ಅವು ಕವಚದ ಕೆಳಗೆ ಹುಟ್ಟಬೇಕು, ಒಳಕ್ಕೆ ಸರಿಯಬೇಕು, ನಾಳಗಳು ಬೆಳೆಯಬೇಕು, ಎಸಿಟಿಎಚ್ ಹಿಡಿಯುವ ಗ್ರಾಹಕಗಳು ಮೂಡಬೇಕು. ಇದಕ್ಕೆಲ್ಲ ಸಮಯ ಬೇಕು, ಕೆಲವರಿಗೆ ಒಂದು ವರ್ಷವೂ ಹಿಡಿಯಬಹುದು.

ಈ ನಡುವಿನ ಕಾಲದಲ್ಲಿ ಜೋರು ಜ್ವರ, ಅಪಘಾತ, ಆಪರೇಷನ್ ಏನಾದರೂ ಬಂದರೆ ದೇಹಕ್ಕೆ ಬೇಕಾದಷ್ಟು ಕಾರ್ಟಿಸಾಲ್ ಸಿಗದೆ ಬಿಪಿ ಕುಸಿದು ಜೀವಕ್ಕೇ ಅಪಾಯವಾಗಬಹುದು. ಡಾಕ್ಟರು ಡೋಸನ್ನು ನಿಧಾನವಾಗಿ ಇಳಿಸುವುದು ಇದಕ್ಕೇ. ಈಗ ಆರಾಮಾಗಿದ್ದೇನೆ ಅಂತ ಮಾತ್ರೆ ಬಿಟ್ಟುಬಿಡುವುದು, ಏನು ಬೆರೆತಿದೆ ಅಂತ ಗೊತ್ತಿಲ್ಲದ ನೋವಿನ ಪುಡಿ ತಿಂಗಳಾನುಗಟ್ಟಲೆ ತಿಂದು ಒಂದಿನ ನಿಲ್ಲಿಸುವುದು, ಎರಡೂ ಅಪಾಯ. ಸ್ಟಿರಾಯ್ಡ್ ತಗೊಂಡವರು ಆಸ್ಪತ್ರೆಗೆ ಹೋದಾಗ ಹಿಂದೆ ತಗೊಂಡದ್ದನ್ನೂ ತಪ್ಪದೆ ಹೇಳಬೇಕು.

ಅಡ್ರಿನಲ್ ಬೂಸ್ಟರ್ ಮಾರುವವರು

ರೀಲ್ಸ್‌ಗಳಲ್ಲಿ ಇನ್ನೊಂದು ಮಾತು ಓಡಾಡುತ್ತಿದೆ. ಒತ್ತಡದಿಂದ ನಿಮ್ಮ ಅಡ್ರಿನಲ್ ದಣಿದಿದೆ, ಈ ಪುಡಿ ತಗೊಳ್ಳಿ, ಈ ಮಾತ್ರೆ ತಗೊಳ್ಳಿ ಅಂತ. ಅಡ್ರಿನಲ್ ದಣಿವು ಅನ್ನುವ ಕಾಯಿಲೆಗೆ ಪುರಾವೆ ಇಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನಗಳ ವಿಮರ್ಶೆ ಅದನ್ನು ನೇರವಾಗಿಯೇ ಹೇಳಿದೆ. ಗ್ರಂಥಿಯ ಕೆಲಸ ನೋಡಿದರೂ ಇದು ಹೊಂದುವುದಿಲ್ಲ. ತುಂಬಾ ದಿನ ಒತ್ತಡ ಇದ್ದರೆ ಎಸಿಟಿಎಚ್ ಜಾಸ್ತಿ, ಅದರಿಂದ ಸ್ಥಳೀಯ ಸಂದೇಶಗಳು ಜಾಸ್ತಿ, ಗ್ರಂಥಿ ಬೆಳೆಯುತ್ತದೆ. ಒತ್ತಡಕ್ಕೆ ಸಿಕ್ಕ ಇಲಿಗಳ ಅಡ್ರಿನಲ್ ದೊಡ್ಡದಾಗುವುದನ್ನು ಹಾನ್ಸ್ ಸೆಲ್ಯೆ 1936ರಲ್ಲೇ ವರದಿ ಮಾಡಿದ್ದರು. ಸುಸ್ತು ನಿಜ, ಅದಕ್ಕೆ ರಕ್ತಹೀನತೆ, ಥೈರಾಯ್ಡ್, ನಿದ್ದೆಗೇಡು, ಖಿನ್ನತೆ ಹೀಗೆ ನೂರು ಕಾರಣ ಇರಬಹುದು. ಸುಮ್ನೆ ಅಡ್ರಿನಲ್ ಮೇಲೆ ಹಾಕಿದರೆ ನಿಜವಾದ ಕಾರಣ ತಪ್ಪಿಹೋಗುತ್ತದೆ.

ಇಂಥ ಪೂರಕಗಳಲ್ಲಿ ಏನಿದೆ ಅನ್ನುವುದು ಇನ್ನೂ ಗಂಭೀರ. ಅಮೆರಿಕದಲ್ಲಿ ಮಾರುವ 12 ಅಡ್ರಿನಲ್ ಪೂರಕಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಹನ್ನೆರಡರಲ್ಲೂ ಥೈರಾಯ್ಡ್ ಹಾರ್ಮೋನು ಇತ್ತು, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸ್ಟಿರಾಯ್ಡ್ ಇತ್ತು. ಗ್ರಂಥಿಗೆ ಬಲ ಕೊಡಲು ಅಂತ ನುಂಗಿದ್ದು ಗ್ರಂಥಿಯನ್ನೇ ಕುಗ್ಗಿಸಬಹುದು.

ಹೊಸ ಔಷಧಿಯಿಂದ ಏನು ನಿರೀಕ್ಷಿಸಬಹುದು

ಈಗ ಕ್ರಿನೆಸರ್‌ಫಾಂಟ್‌ಗೆ ಮರಳಿದರೆ ಮೊದಲಿನ ಗೊಂದಲ ತಿಳಿಯಾಗುತ್ತದೆ. ಕಿಣ್ವ ಕೆಟ್ಟಿರುವ ಗ್ರಂಥಿಗೆ ಸೂಚನೆ ಎಷ್ಟು ಕೊಟ್ಟರೂ ಬೇಕಾದಷ್ಟು ಕಾರ್ಟಿಸಾಲ್ ಬರುವುದಿಲ್ಲ, ಬರುವುದು ಬೇಡದ ಆಂಡ್ರೊಜನ್ ಮತ್ತು ಬೇಡದ ಬೆಳವಣಿಗೆ. ಹಾಗಾಗಿ ಸೂಚನೆ ತಗ್ಗಿಸುವುದು ಸರಿಯಾದ ದಾರಿ. ಔಷಧಿ ಕೆಟ್ಟ ಕಿಣ್ವವನ್ನು ರಿಪೇರಿ ಮಾಡುವುದಿಲ್ಲ, ಅದಕ್ಕೇ ಸ್ಟಿರಾಯ್ಡ್ ಮಾತ್ರೆ ಬಿಡುವ ಹಾಗಿಲ್ಲ. 103 ಮಕ್ಕಳ ಮೇಲೆ 28 ವಾರ ನಡೆದ ಪರೀಕ್ಷೆಯಲ್ಲೂ ಡೋಸ್ ಶೇ 18ರಷ್ಟು ಇಳಿಯಿತೇ ಹೊರತು ಸೊನ್ನೆ ಆಗಲಿಲ್ಲ. ಬೆಳೆಯುವ ಮಗುವಿಗೆ ಅಷ್ಟು ಇಳಿದರೂ ದೊಡ್ಡ ಉಪಕಾರ.

ಸೂಚನೆಯನ್ನು ಎಲ್ಲಿ ತಡೆಯಬೇಕು ಅನ್ನುವುದರಲ್ಲಿ ಎರಡು ದಾರಿಗಳಿವೆ. ಕ್ರಿನೆಸರ್‌ಫಾಂಟ್ ಪಿಟ್ಯುಟರಿಯಲ್ಲಿ ತಡೆಯುತ್ತದೆ. ಅಟುಮೆಲ್ನಂಟ್ ಅನ್ನುವ ಇನ್ನೊಂದು ಔಷಧಿ ಅಡ್ರಿನಲ್ ಜೀವಕೋಶದ ಮೇಲೆ ಎಸಿಟಿಎಚ್ ಕೂರುವ ಜಾಗವನ್ನೇ ಮುಚ್ಚುತ್ತದೆ, ಅದು ಮನುಷ್ಯರ ಮೇಲಿನ ಪರೀಕ್ಷೆಯ ಹಂತಕ್ಕೆ ಬಂದಿದೆ. ಗ್ರಂಥಿಯಲ್ಲೇ ಎಸಿಟಿಎಚ್ ತಯಾರಾಗುವಂಥ ಕಾಯಿಲೆಗಳಲ್ಲಿ ಈ ಎರಡನೆಯ ದಾರಿ ಹೆಚ್ಚು ಅರ್ಥಪೂರ್ಣ, ಯಾಕೆಂದರೆ ಅಲ್ಲಿ ಪಿಟ್ಯುಟರಿಯನ್ನು ತಡೆದು ಪ್ರಯೋಜನ ಇಲ್ಲ.

ವರ್ಷಗಟ್ಟಲೆ ನೋಡಬೇಕಾದದ್ದು ಬೇರೆಯೇ ಇದೆ. ಸಿಎಎಚ್ ಇರುವ ಗಂಡಸರಲ್ಲಿ ಅನೇಕರಿಗೆ ವೃಷಣದಲ್ಲಿ ಅಡ್ರಿನಲ್ ಜಾತಿಯ ಜೀವಕೋಶಗಳ ಗಂಟು ಬೆಳೆಯುತ್ತದೆ. ಎಸಿಟಿಎಚ್ ಜಾಸ್ತಿಯಾದಂತೆ ಅದೂ ಬೆಳೆದು, ಮಕ್ಕಳಾಗುವ ಸಾಮರ್ಥ್ಯಕ್ಕೆ ಅಡ್ಡಿಯಾಗಬಹುದು. ಶುರುವಿನಲ್ಲೇ ಎಸಿಟಿಎಚ್ ತಗ್ಗಿಸಿದರೆ ಗಂಟು ಕುಗ್ಗುವುದುಂಟು. ಹಳೆಯದಾಗಿ ನಾರುಗಟ್ಟಿದ ಗಂಟು ಮಾತ್ರ ಎಸಿಟಿಎಚ್ ಇಳಿದರೂ ಕುಗ್ಗುವುದಿಲ್ಲ. ಅಷ್ಟು ಹೊತ್ತಿಗೆ ಅದು ಮೇಲಿನ ಸೂಚನೆಯ ಹಂಗು ದಾಟಿರುತ್ತದೆ. ಹೊಸ ಔಷಧಿಯನ್ನು ಬಾಲ್ಯದಲ್ಲೇ ಶುರು ಮಾಡಿದರೆ ಇಂಥ ಗಂಟುಗಳು ಮತ್ತು ಊದಿದ ಗ್ರಂಥಿ ತಪ್ಪುತ್ತವೆಯೇ ಅನ್ನುವುದಕ್ಕೆ 24 ಅಥವಾ 28 ವಾರಗಳ ಪರೀಕ್ಷೆ ಉತ್ತರ ಕೊಡಲಾರದು. ಅದಕ್ಕೆ ಇವತ್ತು ನಾಲ್ಕು ವರ್ಷದ ಮಗು ಇಪ್ಪತ್ತು ದಾಟುವವರೆಗಿನ ದಾಖಲೆ ಬೇಕು, ಹಾರ್ಮೋನಿನ ಮಟ್ಟದ ಜೊತೆಗೆ ಗ್ರಂಥಿಯ ಗಾತ್ರವನ್ನೂ ಸ್ಕ್ಯಾನ್ ಮಾಡಿ ಬರೆದಿಟ್ಟ ದಾಖಲೆ.